ಸೂರ್ಯನಿಗೆ ಸ್ವಿಚ್ ಇಲ್ಲ

ಮಸ್ಕತ್ತಿಗೆ ಹೊಸದಾಗಿ ಬರುವ ನಮ್ಮ ಕಡೆಯವರಿಗೆ ನಾನು ಮೊದಲು ಕಲಿಸುವುದು ಅರಬ್ಬಿಯ ಸಲಾಮನ್ನಲ್ಲ, ಬಚ್ಚಲುಮನೆಯ ನಲ್ಲಿಯನ್ನು. ಮೇ ತಿಂಗಳು ಕಾಲಿಟ್ಟಿತೆಂದರೆ ಇಲ್ಲಿ ನೀಲಿ ಚುಕ್ಕೆಯ ನಲ್ಲಿಯಲ್ಲಿ ಬಿಸಿನೀರು, ಕೆಂಪು ಚುಕ್ಕೆಯ ನಲ್ಲಿಯಲ್ಲಿ ತಣ್ಣೀರು. ತಮಾಷೆಗೆ ಹೇಳುತ್ತಿಲ್ಲ. ಮಾಳಿಗೆಯ ಮೇಲಿನ ಟಾಕಿಯಲ್ಲಿ ದಿನವೆಲ್ಲ ಕಾದ ನೀರು ನೇರವಾಗಿ ನೀಲಿ ನಲ್ಲಿಗೆ ಇಳಿಯುತ್ತದೆ. ಅದಕ್ಕೆ ಚಹಾಪುಡಿ ಹಾಕಿದರೆ ಬಣ್ಣ ಬಿಟ್ಟೀತು. ಕೆಂಪು ನಲ್ಲಿಯ ನೀರಾದರೋ ಮೊದಲು ಮನೆಯೊಳಗಿನ ಗೀಸರಿನಲ್ಲಿ ತಂಗಿ ಆಮೇಲೆ ಬರುತ್ತದೆ. ಗೀಸರಿನ ಸ್ವಿಚ್ ಆರಿಸಿಬಿಟ್ಟರೆ, ಏಸಿಯ ತಂಪಿನಲ್ಲಿ ಅದೇ ಗೀಸರು ಮಣ್ಣಿನ ಗಡಿಗೆಯಾಗಿಬಿಡುತ್ತದೆ. ನೀರು ಕಾಯಿಸಲೆಂದೇ ಹುಟ್ಟಿದ ಯಂತ್ರದಿಂದ ತಣ್ಣೀರು ಪಡೆಯುವ ಜನ ಭೂಮಿಯ ಮೇಲೆ ನಾವೇ ಇರಬೇಕು.

ಈ ಪಾಠವನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವಾಗ ಒಂದು ಠೀವಿಯೂ ಬರುತ್ತಿತ್ತು. ಇಷ್ಟೆಲ್ಲ ಬಲ್ಲ ನಾನೇ ಕಳೆದ ಬೇಸಿಗೆಯಲ್ಲಿ ಮಾಡಿದ ಕೆಲಸವನ್ನು ಈಗ ನಿಮ್ಮ ಮುಂದೆ ಹೇಳಬೇಕಾಗಿದೆ. ಹೇಳದೆ ಇದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ.

ನಾವಿರುವುದು ಮಸ್ಕತ್ತಿನ ಅಲ್ ಖೌದಿನಲ್ಲಿ, ಎರಡಂತಸ್ತಿನ ಮನೆಯ ಮೇಲುಭಾಗದಲ್ಲಿ. ನಾನು, ನನ್ನ ಹೆಂಡತಿ ಗಿರಿಜಾ, ಇಲ್ಲಿ ಕೆಲಸದಲ್ಲಿರುವ ನಮ್ಮ ಮಗಳು ವಿದ್ಯಾ. ಕೆಳಗೆ ಮನೆಯ ಮಾಲೀಕ ಸಲೀಂ ಮತ್ತು ಅವರ ಕುಟುಂಬ. ಸಲೀಮರ ತಾಯಿಯನ್ನು ಇಲ್ಲಿಯ ರೂಢಿಯಂತೆ ಎಲ್ಲರೂ ಉಮ್ ಸಲೀಂ, ಅಂದರೆ ಸಲೀಮನ ತಾಯಿ, ಎನ್ನುತ್ತಾರೆ. ನಾನು ಬರೀ ಉಮ್ಮ ಎನ್ನುತ್ತೇನೆ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಹಿಂದಿ ಸಿನಿಮಾ ನೋಡಿ ನೋಡಿ ಹಿಂದಿ ಕಲಿತವರು. ನಾನು ಮುಂಬಯಿಯ ರೈಲಿನಲ್ಲಿ ಕಲಿತವನು. ನಮ್ಮಿಬ್ಬರ ಮಾತುಕತೆಗೆ ಅಷ್ಟು ಸಾಕಾಗುತ್ತಿತ್ತು. ಅದನ್ನು ಕನ್ನಡಕ್ಕೆ ತಂದು ಹೇಳುತ್ತೇನೆ.

ಅವರೆಲ್ಲ ನನ್ನನ್ನು ಕರೆಯುತ್ತಿದ್ದುದು ಮುಹಂದಿಸ್ ಎಂದು. ಹಾಗೆಂದರೆ ಇಂಜಿನಿಯರ್. ನಾನು ಓದಿದ್ದು ಗದಗಿನ ಹತ್ತಿರದ ಊರಿನಲ್ಲಿ, ಎಸ್ಸೆಸ್ಸೆಲ್ಸಿವರೆಗೆ. ಕೆಲಸ ಮಾಡಿದ್ದು ಸೊಹಾರಿನ ಕಾರ್ಖಾನೆಯೊಂದರ ಉಗ್ರಾಣದಲ್ಲಿ. ಕೇಳಿದವರಿಗೆ ನಟ್ಟು, ಬೋಲ್ಟು, ವಾಷರು ಎಣಿಸಿ ಕೊಡುವುದು, ಸಹಿ ಹಾಕಿಸಿಕೊಳ್ಳುವುದು. ಈ ಮನೆಗೆ ಬಂದ ಹೊಸದರಲ್ಲಿ ಕೆಳಗಿನವರ ನಲ್ಲಿ ಸೋರುತ್ತಿತ್ತು. ನಾನು ಒಂದು ವಾಷರು ಬದಲಿಸಿಕೊಟ್ಟೆ. ಜೇಬಿನಲ್ಲಿ ಪೆನ್ನು ಇತ್ತು, ಮೂಗಿನ ಮೇಲೆ ಕನ್ನಡಕ ಇತ್ತು, ಸೊಹಾರಿನಲ್ಲಿದ್ದೆ ಎಂದು ಹೇಳಿದ್ದೆ. ಸಲೀಂ ಹಿಗ್ಗಿನಿಂದ "ಅರೆ, ನೀವು ಮುಹಂದಿಸ್" ಎಂದರು. ನಾನು ಅಲ್ಲ ಎನ್ನಲಿಲ್ಲ. ಹೌದು ಎಂದೂ ಹೇಳಲಿಲ್ಲ. ನೀರಿನ ರುಚಿ ನೋಡುವವನಂತೆ ಸುಮ್ಮನೆ ಒಂದು ಗುಟುಕು ನುಂಗಿದೆ. ಆ ಗುಟುಕು ಬಹಳ ಸಿಹಿಯಾಗಿತ್ತು.

ಗಿರಿಜಾಗೆ ಇದೊಂದು ಚೇಷ್ಟೆಯ ವಸ್ತು. "ಏನ್ರೀ ಇಂಜಿನಿಯರ್ ಸಾಹೇಬ್ರ, ಚಾ ಆರಕತ್ತೇತಿ, ಡ್ರಾಯಿಂಗ್ ಮುಗೀತೇನು?" ಎನ್ನುತ್ತಿದ್ದಳು, ನಾನು ಪೇಪರಿನ ಪದಬಂಧ ಬಿಡಿಸುತ್ತಿರುವಾಗ.

ಆ ಬೇಸಿಗೆಗೆ ಹಿಂದಿನ ಚಳಿಗಾಲದಲ್ಲಿ ಸಲೀಂ ಮೇಲೆ ಬಂದು ಒಂದು ಸುದ್ದಿ ಹೇಳಿದರು. ಹಳೆಯ ಕರೆಂಟಿನ ಗೀಸರುಗಳನ್ನು ತೆಗೆಸಿ ಬಿಸಿಲಿನಿಂದ ಕಾಯುವ ಬಾಯ್ಲರ್ ಹಾಕಿಸಿಕೊಳ್ಳುವ ಮನೆಗಳಿಗೆ ಸರ್ಕಾರದ ನೆರವು ಸಿಗುತ್ತಿದೆ, ತಮ್ಮ ಹೆಸರಿಗೂ ಬಂದಿದೆ ಎಂದು. ನಾನು ಬೆರಗಾಗಿ ಕುಳಿತೆ. ಈ ದೇಶದಲ್ಲಿ ಕಾಯಿಸಲಿಕ್ಕೆ ಸರ್ಕಾರ ಸಹಾಯ ಮಾಡುತ್ತದೆಯೇ? ನಮ್ಮ ಸಮುದ್ರಕ್ಕೆ ಯಾರೋ ಉಪ್ಪು ದಾನ ಮಾಡಿದ ಹಾಗಾಯಿತಲ್ಲ.

"ನಗಬೇಡಿ ಮುಹಂದಿಸ್," ಎಂದರು ಸಲೀಂ. "ಚಳಿಗಾಲದಲ್ಲಿ ಉಮ್ಮನಿಗೆ ಮಂಡಿ ಹಿಡಿದುಕೊಳ್ಳುತ್ತೆ. ಬಿಸಿನೀರು ತಪ್ಪಬಾರದು. ಹಳೇ ಗೀಸರು ಎರಡನ್ನೂ ಒಪ್ಪಿಸಬೇಕು, ಹೊಸದು ಒಂದು ಬರುತ್ತೆ, ಮೇಲಕ್ಕೂ ಕೆಳಕ್ಕೂ. ಒಂದು ಮನೆಗೆ ಒಂದೇ ಸಲ. ತಪ್ಪು ಆರಿಸಿದರೆ ಅದರ ಜೊತೆಗೇ ಬದುಕಬೇಕು. ನೀವು ಹೇಳಿದ್ದೇ ಆಯ್ಕೆ."

ಅವರು ಹೋದ ಮೇಲೆ ಗಿರಿಜಾ ನನ್ನನ್ನೇ ನೋಡುತ್ತ ನಿಂತಳು.

"ಅಂವಾ ನಿಮ್ಮನ್ನ ನಂಬ್ಯಾನ. ಖರೇ ಹೇಳಿಬಿಡ್ರಿ, ನನಗ ಗೊತ್ತಾಗೂದಿಲ್ಲ ಅಂತ."

"ಈಗ ಹೇಳಿದರ ಮರ್ಯಾದಿ ಹೋಗ್ತದ."

"ಹೇಳದಿದ್ರ ಏನ್ ಹೋಗ್ತದೋ ನೋಡ್ರಿ."

ನೋಡಲಿಲ್ಲ. ಮರುದಿನ ಸಲೀಮರ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತು ಅಂಗಡಿಗೆ ಹೋದೆ.

ಅಂಗಡಿಯಲ್ಲಿ ಬಾಯ್ಲರುಗಳು ಸಾಲಾಗಿ ನಿಂತಿದ್ದವು. ಚಿಕ್ಕದು, ಹಾಳೆಯಂಥದು, ಗೋಡೆಗೆ ನೇತುಹಾಕುವಂಥದು. ಕೊನೆಯಲ್ಲಿ ಒಂದು ಮಹಾಕಾಯ. ಓರೆಯಾಗಿ ಜೋಡಿಸಿದ ಕಪ್ಪು ಗಾಜಿನ ಕೊಳವೆಗಳು, ಅವುಗಳ ನೆತ್ತಿಯ ಮೇಲೆ ಮಲಗಿದ ಬೆಳ್ಳಿಬಣ್ಣದ ದೊಡ್ಡ ಉರುಳೆ. ಅದನ್ನು ಕಂಡದ್ದೇ ನನ್ನ ವಯಸ್ಸೆಲ್ಲ ಕಳಚಿ ಬಿತ್ತು.

ಇಲ್ಲಿ ನಾನು ಸ್ವಲ್ಪ ಆ ಕಡೆ ಹೋಗಿ ಬರಬೇಕು. ನಮ್ಮ ಕಡೆ ದೀಪಾವಳಿ ಶುರುವಾಗುವುದೇ ನೀರು ತುಂಬುವ ಹಬ್ಬದಿಂದ. ಬಚ್ಚಲಿನ ಒಲೆಯ ಮೇಲಿನ ತಾಮ್ರದ ಹಂಡೆಯನ್ನು ಅವತ್ತು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ. ವರ್ಷವಿಡೀ ಮಸಿ ಹಿಡಿದು ಮೂಲೆಯಲ್ಲಿ ಕುಳಿತ ಹಂಡೆ ಅವತ್ತೊಂದು ದಿನ ಮದುಮಗಳು. ಕೊರಳಿಗೆ ಹಿಂಡಲಕಾಯಿಯ ಬಳ್ಳಿ, ಹೊಟ್ಟೆಗೆ ಸುಣ್ಣದ ಪಟ್ಟೆ, ಅರಿಶಿನ, ಕುಂಕುಮ. ಹೊಸ ನೀರು ತುಂಬಿ ಆರತಿ ಬೆಳಗುತ್ತಾರೆ. ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿಸಿಕೊಂಡು ಗಡಗಡ ನಡುಗುತ್ತ ಕುಳಿತ ನಮಗೆ ಅವ್ವ ಆ ನೀರು ಸುರಿಯುತ್ತಿದ್ದಳು. ಒಲೆಯಲ್ಲಿ ತೊಗರಿಕಟ್ಟಿಗೆ ಚಟಪಟ ಎನ್ನುವುದು, ಹೊಗೆಗೆ ಕಣ್ಣು ಉರಿಯುವುದು, ಬೆನ್ನ ಮೇಲೆ ಬಿಸಿನೀರು ಇಳಿಯುವಾಗ ಬಾಯಿ ತಾನಾಗಿ ತೆರೆಯುವುದು, ಇವೆಲ್ಲ ಸೇರಿ ದೇವರೆಂದರೆ ಹೀಗೇ ಇರಬೇಕು ಎಂದು ನಾನು ತಿಳಿದಿದ್ದೆ. ಆದರೆ ನಮ್ಮ ಹಂಡೆ ಚಿಕ್ಕದು. ಮನೆಯಲ್ಲಿ ಕಿರಿಯವನಾದ ನನ್ನ ಪಾಳಿ ಬರುವ ಹೊತ್ತಿಗೆ ದೇವರು ಉಗುರುಬೆಚ್ಚಗಾಗಿರುತ್ತಿದ್ದ. ಪಕ್ಕದ ಮನೆಯಲ್ಲಿ ಮಾತ್ರ ಆಳೆತ್ತರದ ಹಂಡೆ. ಅವರ ಬಚ್ಚಲಿನ ಕಿಂಡಿಯಿಂದ ಏಳುವ ಹಬೆಯನ್ನು ನೋಡುತ್ತ, ದೊಡ್ಡವನಾದ ಮೇಲೆ ಮುಗಿಯದಷ್ಟು ಬಿಸಿನೀರು ಇರುವ ಮನೆಯಲ್ಲಿ ಇರುತ್ತೇನೆ ಎಂದು ಶಪಥ ಮಾಡಿದ್ದೆ.

ಆ ಶಪಥ ಅಲ್ ಖೌದಿನ ಅಂಗಡಿಯಲ್ಲಿ ಬಾಯಿ ತೆರೆಯಿತು. ಅದರ ಬಲ, ಇದರ ಒತ್ತಡ ಎಂದು ಉಗ್ರಾಣದಲ್ಲಿ ಕಿವಿಗೆ ಬಿದ್ದ ನಾಲ್ಕು ಮಾತು ಆಡಿ, ಆ ಮಹಾಕಾಯನ ಬೆನ್ನು ತಟ್ಟಿ, "ಇದೇ ಆಗಲಿ" ಎಂದೆ. ನೆರವು ಸರ್ಕಾರದ್ದು, ಮನೆ ಸಲೀಮರದ್ದು, ಆಸೆ ನನ್ನದು.

ಬಾಯ್ಲರ್ ಬಂತು. ಮಾಳಿಗೆಯ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಕುಳಿತಿತು. ಹಳೆಯ ಗೀಸರುಗಳು ಲಾರಿ ಹತ್ತಿ ಹೋದವು. ಮೊದಲ ದಿನ ಸಂಜೆ ನಲ್ಲಿ ತಿರುಗಿಸಿದಾಗ ಬಂದ ನೀರನ್ನು ನಾನು ಇನ್ನೂ ಮರೆತಿಲ್ಲ. ಬೆಂಕಿ ಇಲ್ಲ, ಹೊಗೆ ಇಲ್ಲ, ಕರೆಂಟೂ ಇಲ್ಲ. ಮಧ್ಯಾಹ್ನ ಕಿಟಕಿಯಲ್ಲಿ ನಮ್ಮ ಕಣ್ಣು ಕುಕ್ಕುತ್ತಿದ್ದ ಬಿಸಿಲೇ ಈಗ ನೀರಾಗಿ ಅಂಗೈ ಮೇಲೆ ಬೀಳುತ್ತಿದೆ. ಗಿರಿಜಾಳನ್ನು ಮಾಳಿಗೆಗೆ ಕರೆದುಕೊಂಡು ಹೋದೆ. ಕುಂಕುಮ ಇಡುತ್ತಾಳೇನೋ ಎಂದುಕೊಂಡಿದ್ದೆ.

"ಮನಿ ಅವರದು, ದೇವರೂ ಅವರದ. ನಾ ಬರೇ ಕೈ ಮುಗೀತೀನಿ," ಎಂದು ಮುಗಿದಳು. ಯಾರಿಗೆ ಮುಗಿದಳೋ, ಬಾಯ್ಲರಿನ ಹಿಂದೆ ಸೂರ್ಯನೂ ಮುಳುಗುತ್ತಿದ್ದ.

ಉಮ್ಮ ಮೆಟ್ಟಿಲ ಬುಡದಲ್ಲಿ ನನ್ನನ್ನು ತಡೆದು, "ಸೂರ್ಯನನ್ನು ನಳಿಗೆಯಲ್ಲಿ ಹಾಕಿ ನನ್ನ ಬಚ್ಚಲಿಗೆ ಇಳಿಸಿದ್ದೀಯಲ್ಲ," ಎಂದರು. ಚಳಿಗಾಲವೆಲ್ಲ ಅವರ ಮಂಡಿಗಳು ಸುಮ್ಮನಿದ್ದವು. ಅವರ ಹೊಗಳಿಕೆಯನ್ನು ನಾನು ಖರ್ಜೂರದ ಜೊತೆಗೆ ತಿಂದೆ.

ಜನವರಿಯಲ್ಲಿ ಮೇ ತಿಂಗಳನ್ನು ನೆನೆಯಬಲ್ಲವನು ಋಷಿಯೇ ಆಗಿರಬೇಕು.

ಮೇ ಬಂತು. ನಮ್ಮ ಮನೆಯಲ್ಲಿ ಒಂದು ಪದ್ಧತಿ. ಬಿಸಿಲು ಏರಿದ ಮೊದಲ ವಾರ ನಾನು ಕೆಳಗಿಳಿದು, ಸಲೀಮರ ಜೊತೆ ಎರಡೂ ಮನೆಗಳ ಗೀಸರಿನ ಸ್ವಿಚ್ ಆರಿಸಿ, ಬೇಸಿಗೆ ಶುರುವಾಯಿತೆಂದು ಘೋಷಿಸುವುದು. ಆ ವರ್ಷವೂ ಇಳಿದೆ. ಹೊಸ ಬಾಯ್ಲರಿಗೂ ಒಂದು ಸ್ವಿಚ್ ಇತ್ತು. ಮೋಡ ಮುಸುಕಿದ ದಿನಕ್ಕೆಂದು ಅದರ ಹೊಟ್ಟೆಯಲ್ಲಿ ಒಂದು ಕರೆಂಟಿನ ಸುರುಳಿ ಇರುತ್ತದೆ, ಅದರದು. ಅದನ್ನು ಠಕ್ಕನೆ ಆರಿಸಿದೆ. ಸಲೀಂ ಪಕ್ಕದಲ್ಲಿ ನಿಂತು ತಲೆಯಾಡಿಸಿದರು.

ಒಳಗೆ ಹೋಗಿ ಉಮ್ಮನಿಗೆ ಹೇಳಿದೆ. "ಖಲಾಸ್ ಉಮ್ಮ. ಹೀಟರ್ ಬಂದ್. ಇನ್ನು ಕೆಂಪು ನಲ್ಲಿ ತಿರುಗಿಸಿ, ತಣ್ಣೀರು."

"ನಿನ್ನ ಆಯುಷ್ಯ ಹೆಚ್ಚಲಿ," ಎಂದರು ಅವರು.

ನೀವು ಆಗಲೇ ತಲೆ ಚಚ್ಚಿಕೊಂಡಿರುತ್ತೀರಿ. ಆರಿದ್ದು ಸುರುಳಿ. ಕಪ್ಪು ಕೊಳವೆಗಳು ಮೇ ತಿಂಗಳ ಒಮಾನಿನ ಬಿಸಿಲಿಗೆ ಎದೆಯೊಡ್ಡಿ ಮಲಗಿಯೇ ಇದ್ದವು. ಒಳಗೆ ತಣ್ಣಗೆ ತಂಗಲು ಹಳೆಯ ಗೀಸರೂ ಇರಲಿಲ್ಲ. ಕೆಂಪು ನಲ್ಲಿಗೆ ಇಳಿಯುತ್ತಿದ್ದುದು ನೇರವಾಗಿ ಆ ಉರುಳೆಯ ನೀರು, ಕುದಿಯುವುದಕ್ಕೆ ಸ್ವಲ್ಪವೇ ಕಡಿಮೆ.

ಅವತ್ತು ಮಧ್ಯಾಹ್ನದ ನಮಾಜಿಗೆ ಮೊದಲು ಉಮ್ಮ ಎಂದಿನಂತೆ ವುಜೂ ಮಾಡಲು, ಅಂದರೆ ಕೈ ಮುಖ ಕಾಲು ತೊಳೆದುಕೊಳ್ಳಲು, ಕೆಂಪು ನಲ್ಲಿ ತಿರುಗಿಸಿದರು. ಅದರಲ್ಲಿ ಮೊದಲು ಕೈ, ಬಾಯಿ, ಮುಖ, ಮೊಣಕೈವರೆಗೆ ತೋಳು, ತಲೆ, ಎಲ್ಲಕ್ಕಿಂತ ಕೊನೆಗೆ ಕಾಲು. ಗೋಡೆಯೊಳಗಿನ ಕೊಳವೆಯಲ್ಲಿ ನಿಂತಿದ್ದ ತಂಪು ನೀರು ಕೈಗೂ ಮುಖಕ್ಕೂ ಸಾಕಾಯಿತು. ಕಾಲಿನ ಸರದಿ ಬರುವ ಹೊತ್ತಿಗೆ ಮಾಳಿಗೆಯ ನೀರು ಇಳಿದು ಬಂದಿತ್ತು. ಸಕ್ಕರೆ ಕಾಯಿಲೆಯಿಂದ ಅವರ ಪಾದಗಳಿಗೆ ಸ್ಪರ್ಶ ಹೋಗಿ ಬಹಳ ಕಾಲವಾಗಿತ್ತು. ಬಗ್ಗಲಾಗದ್ದರಿಂದ ಕೈ ತಾಗಿಸದೆ ಬಲಗಾಲನ್ನು ನೀರಿಗೆ ಹಿಡಿದು, ಸಮಾಧಾನವಾಗಿ, ಬೆರಳುಗಳ ಸಂದಿಯನ್ನೂ ಬಿಡದೆ ನೆನೆಸಿಕೊಂಡರು. ಹಬೆ ಏಳುತ್ತಿದ್ದುದು ಕಂಡು ಸೊಸೆ ಓಡಿಬಂದು ಎಳೆದುಕೊಂಡಳಂತೆ. ಅಷ್ಟರಲ್ಲಿ ಪಾದ ಕೆಂಪಾಗಿತ್ತು. ಆಸ್ಪತ್ರೆ ತಲುಪುವ ಹೊತ್ತಿಗೆ ಗುಳ್ಳೆ ಎದ್ದಿತ್ತು.

ಕಾರು ಹೊರಟ ಸದ್ದು ಕೇಳಿ ನಾವು ಕೆಳಗಿಳಿದೆವು. ಸೊಸೆ ಅಳುತ್ತ ವಿಷಯ ಹೇಳಿದಳು. ನನಗೆ ಮಾತ್ರ ಅರ್ಥವೇ ಆಗಲಿಲ್ಲ. "ನಾನೇ ಆಫ್ ಮಾಡಿದ್ದೇನಲ್ಲ" ಎಂದು ಮತ್ತೆ ಮತ್ತೆ ಹೇಳಿದೆನಂತೆ.

"ಅಪ್ಪಾ," ಎಂದಳು ವಿದ್ಯಾ ಮೆಲ್ಲಗೆ, "ನೀವು ಆಫ್ ಮಾಡಿದ್ದು ಬ್ಯಾಕಪ್ ಕಾಯಿಲ್. ಟ್ಯೂಬ್ ಹೆಂಗ ಆಫ್ ಆಗ್ತಾವ? ಸೂರ್ಯಗ ಸ್ವಿಚ್ ಎಲ್ಲೈತಿ?"

ನಾನು ಮೇಲೆ ಬಂದು ನಮ್ಮ ಬಚ್ಚಲಿನಲ್ಲಿ ಕೆಂಪು ನಲ್ಲಿ ತಿರುಗಿಸಿ ಕೈ ಹಿಡಿದು ನಿಂತೆ. ಮೊದಲು ತಂಪು. ಆಮೇಲೆ ಹಿತವಾದ ಬಿಸಿ. ಆಮೇಲೆ ಕೈ ತಾನಾಗಿ ಹಿಂದಕ್ಕೆ ಹಾರಿತು. ಹಾಗೆ ಹಾರಲು ಬಲ್ಲ ಕೈ ಎಂಥ ಭಾಗ್ಯ ಎಂದು ಆ ತನಕ ನನಗೆ ತಿಳಿದಿರಲಿಲ್ಲ. ಚಳಿಗಾಲದಲ್ಲಿ ನನಗೆ ದೇವರಂತೆ ಕಂಡದ್ದೇ ಇದು. ಅದು ಬದಲಾಗಿರಲಿಲ್ಲ. ಅದಕ್ಕೆ ಜನವರಿಯೂ ಗೊತ್ತಿಲ್ಲ, ಉಮ್ಮನೂ ಗೊತ್ತಿಲ್ಲ. ಕಾಯಿಸು ಎಂದರೆ ಕಾಯಿಸುತ್ತದೆ. ಗೊತ್ತಿರಬೇಕಾದವನು ನಾನಾಗಿದ್ದೆ.

ಸಂಜೆ ಉಮ್ಮ ಮರಳಿ ಬಂದರು. ಕಾಲಿಗೆ ಬಿಳಿ ಪಟ್ಟಿ. ಸಕ್ಕರೆ ಇರುವವರ ಪಾದದ ಗಾಯ, ಒಣಗಿದರೆ ಸರಿ, ಇಲ್ಲವಾದರೆ ಬೆರಳು ಉಳಿಯುವುದೂ ಕಷ್ಟ ಎಂದು ವೈದ್ಯರು ಹೇಳಿದ್ದರು. ನಾನು ಬಾಗಿಲಲ್ಲೇ ನಿಂತಿದ್ದೆ. ಗಿರಿಜಾ ಹಿಂದಿನಿಂದ, "ಈಗರೆ ಹೇಳ್ರಿ," ಎಂದಳು. ಅದರಲ್ಲಿ ಚೇಷ್ಟೆ ಇರಲಿಲ್ಲ.

"ಉಮ್ಮ, ನಾನು ಮುಹಂದಿಸ್ ಅಲ್ಲ," ಎಂದೆ. "ಸೊಹಾರಿನಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ನಟ್ಟು ಬೋಲ್ಟು ಎಣಿಸಿಕೊಡುತ್ತಿದ್ದೆ. ಓದಿದ್ದು ಹತ್ತನೇ ತರಗತಿ."

ಸಲೀಂ ತಲೆ ಎತ್ತಿ ನನ್ನನ್ನು ನೋಡಿದರು. ಉಮ್ಮ ದಿಂಬಿಗೆ ಒರಗಿಕೊಂಡು ಕೇಳಿದರು.

"ಹತ್ತನೇ ತರಗತಿಯ ಪುಸ್ತಕದಲ್ಲಿ ಸೂರ್ಯ ಇರಲಿಲ್ಲವಾ?"

"ಇದ್ದ, ಉಮ್ಮ."

"ಮತ್ತೆ?"

"ಮರೆತೆ."

ಅವರು ನಕ್ಕರು. ನಗುವಾಗ ಹೊಟ್ಟೆ ಕುಲುಕಿ ಪಟ್ಟಿ ಕಟ್ಟಿದ ಕಾಲೂ ಅಲುಗಿತು. ಸಲೀಂ ನಗಲಿಲ್ಲ. "ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲವಲ್ಲ," ಎಂದು ಎದ್ದು ಹೊರಗೆ ಹೋದರು. ಆ ಮಾತು ನನಗೆ ಸಲ್ಲಬೇಕಾದದ್ದೇ. ಆಮೇಲೆ ಎಷ್ಟೋ ದಿನ ಅವರು ನನ್ನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ಎದುರಾದರೆ ಸಲಾಂ ಹೇಳುತ್ತಿದ್ದರು, ಅಷ್ಟೇ.

"ಅವನಿಗೆ ಸಿಟ್ಟು ನಿನ್ನ ಮೇಲಲ್ಲ," ಎಂದರು ಉಮ್ಮ ಒಂದು ದಿನ. "ನೀನು ಸ್ವಿಚ್ ಆರಿಸುವಾಗ ಅವನೂ ಪಕ್ಕದಲ್ಲೇ ನಿಂತಿದ್ದ. ಅವನದು ಪದವಿ ಓದು."

ಕಾಲು ಸುಟ್ಟ ಮರುದಿನವೇ ಗಿರಿಜಾ ಪೆಟ್ಟಿಗೆಯ ತಳದಿಂದ ನನ್ನ ಅವ್ವ ಹೊಲಿದ ಕೌದಿಯನ್ನು ತೆಗೆದಳು. ಹಳೆಯ ಸೀರೆಗಳ ತುಂಡುಗಳನ್ನು ಜೋಡಿಸಿದ ದಪ್ಪ ಹೊದಿಕೆ, ಈ ದೇಶದಲ್ಲಿ ಒಮ್ಮೆಯೂ ಬೇಕಾಗದೆ ಉಳಿದದ್ದು. ಇಬ್ಬರೂ ಮಾಳಿಗೆಗೆ ಹೋಗಿ ಕಪ್ಪು ಕೊಳವೆಗಳಿಗೆ ಅದನ್ನು ಹೊದಿಸಿ ಹಗ್ಗದಿಂದ ಬಿಗಿದೆವು. ಸರ್ಕಾರದ ನೆರವಿನ ಯಂತ್ರಕ್ಕೆ ಗದಗಿನ ಕೌದಿ. "ಮಲಕೋಪಾ, ಮಲಕೋ," ಎಂದಳು ಗಿರಿಜಾ, ರಚ್ಚೆ ಹಿಡಿದ ಕೂಸಿಗೆ ಹೇಳುವ ಹಾಗೆ. ಉರುಳೆಯ ನೀರೇನೋ ಸಾಧುವಾಯಿತು. ಆದರೂ ಟಾಕಿಯ ನೀರು ಬಿಸಿಯೇ. ನೀರು ತಂಗಿ ತಣಿಯಲು ಹಳೆಯ ಗೀಸರಿನಂಥ ಜಾಗವೇ ಇರಲಿಲ್ಲ. ಅದಕ್ಕೆ ನಾನು ದಿನವೂ ಬೆಳಿಗ್ಗೆ ಬಕೆಟ್ ತುಂಬಿ ನಮ್ಮ ಏಸಿ ಕೋಣೆಯಲ್ಲಿ ಇಟ್ಟು, ಹೊತ್ತು ಹೊತ್ತಿಗೆ ಕೆಳಗೆ ಇಳಿಸುತ್ತಿದ್ದೆ. ಉಮ್ಮನ ಸೊಸೆ ಬಾಗಿಲಲ್ಲಿ ತೆಗೆದುಕೊಳ್ಳುತ್ತಿದ್ದಳು. ಪಟ್ಟಿ ಕಟ್ಟಿದ ಕಾಲಿಗೆ ನೀರು ತಾಗಿಸುವಂತಿರಲಿಲ್ಲ. ಉಮ್ಮ ಒದ್ದೆ ಕೈಯಿಂದ ಪಟ್ಟಿಯ ಮೇಲೆ ಸವರಿಕೊಂಡು ನಮಾಜು ಮಾಡುತ್ತಿದ್ದರು. ಒಳಗಿನಿಂದ ಅವರ ದನಿ ಕೇಳಿದರೆ ನಾನು ಮೆಟ್ಟಿಲ ಮೇಲೆ ನಿಂತು ಪಟ್ಟಿಯ ಬಗ್ಗೆ ಕೇಳುತ್ತಿದ್ದೆ. ಸೊಸೆ ಒಮ್ಮೆ "ಗಾಯದಿಂದ ನೀರು ಇಳಿಯುತ್ತಿದೆ" ಎಂದಳು. ಅವತ್ತು ನನಗೆ ಊಟ ಇಳಿಯಲಿಲ್ಲ. ಇನ್ನೊಮ್ಮೆ "ಅಂಚು ಗುಲಾಬಿ ಆಗಿದೆ" ಎಂದಳು. ಗುಲಾಬಿ ಒಳ್ಳೆಯದೋ ಕೆಟ್ಟದ್ದೋ ಎಂದು ವಿದ್ಯಾಳನ್ನು ಕೇಳಿ ಕೇಳಿ ಬೈಸಿಕೊಂಡೆ. ಗುಲಾಬಿ ಒಳ್ಳೆಯದು. ಸುಟ್ಟ ಮುದಿ ಚರ್ಮದ ಕೆಳಗೆ, ಆ ವಯಸ್ಸಿನಲ್ಲಿ, ಸಕ್ಕರೆ ತುಂಬಿದ ಆ ರಕ್ತದಲ್ಲಿ, ಯಾರೂ ಹೇಳದೆ ಹೊಸ ಚರ್ಮ ಹುಟ್ಟುತ್ತಿತ್ತು. ಬಾಯ್ಲರ್ ನೋಡಿ ಬೆರಗಾಗಿದ್ದ ನಾನು ಎಷ್ಟು ಕಡಿಮೆಗೆ ಬೆರಗಾಗಿದ್ದೆ ಎಂದು ಆಗ ತಿಳಿಯಿತು.

ಪಟ್ಟಿ ಬಿಚ್ಚಿದ ದಿನ ಸಂಜೆ ಉಮ್ಮ ನನ್ನನ್ನೂ ಗಿರಿಜಾಳನ್ನೂ ಕೆಳಗೆ ಕರೆದರು. ಅಂಗಳದಲ್ಲಿ ಗೋಡೆಯ ನೆರಳಿಗೆ ಸಲೀಂ ಕುರ್ಚಿ ಹಾಕಿದ್ದರು. ಉಮ್ಮ ಕುಳಿತಿದ್ದರು. ಮುಂದೆ ನಾನು ಇಳಿಸಿ ತಂದ ಬಕೆಟ್. ಸಲೀಂ ಮಕ್ಕಳ ಸ್ನಾನದ ನೀರಿಗೆ ಬಳಸುವ ಒಂದು ಉಷ್ಣಮಾಪಕವನ್ನು ತಂದಿದ್ದರು. ಅದನ್ನು ನೀರಿಗೆ ಇಳಿಸಲು ಬಗ್ಗಿದಾಗ ಉಮ್ಮ ಕೈ ಅಡ್ಡ ಹಿಡಿದರು.

"ಅದನ್ನು ಇಟ್ಟುಕೋ. ಇವನು ಕೈ ಹಾಕಲಿ."

ನಾನು ಹಿಂದಕ್ಕೆ ಸರಿದೆ. "ಬೇಡ ಉಮ್ಮ. ನನ್ನ ಮಾತು ಕೇಳಿ ಒಮ್ಮೆ ಸುಟ್ಟುಕೊಂಡಿರಿ."

"ಮಾತು ಯಾರು ಕೇಳಿದರು? ಕೈ ಹಾಕು ಅಂದೆ."

ಸಲೀಮರ ಮುಖ ನೋಡಿದೆ. ಅವರು ಉಷ್ಣಮಾಪಕವನ್ನು ಜೇಬಿಗೆ ಹಾಕಿಕೊಂಡು, "ಹಾಕಿ ಚಾಚಾ," ಎಂದರು.

ತೋಳು ಮಡಚಿ ಮೊಣಕೈವರೆಗೆ ಕೈ ಇಳಿಸಿದೆ. ತಳ ಮುಟ್ಟಿ, ಅಂಚು ಮುಟ್ಟಿ, ಮೇಲಿನ ನೀರು ಕೆಳಗೆ, ಕೆಳಗಿನದು ಮೇಲೆ ಬರುವಂತೆ ಕದಡಿ, ಮತ್ತೆ ಹಿಡಿದು ನೋಡಿದೆ. "ತಣ್ಣಗಿದೆ, ಉಮ್ಮ."

ಅವರು ಬಟ್ಟೆಯಂಚನ್ನು ಕಣಕಾಲವರೆಗೆ ಎತ್ತಿ ಬಲಗಾಲನ್ನು ಮುಂದೆ ಚಾಚಿದರು. ಗಿರಿಜಾ ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಿನಲ್ಲಿ ಕುಳಿತು, ಚೊಂಬಿನಲ್ಲಿ ನೀರು ತುಂಬಿ ಆ ಪಾದದ ಮೇಲೆ ಸುರಿದಳು. ಹೊಸ ಚರ್ಮ ಎಳೆಗೂಸಿನ ಅಂಗಾಲಿನಷ್ಟು ತಿಳಿಯಾಗಿತ್ತು. ನೀರು ಬಿದ್ದದ್ದು ಉಮ್ಮನಿಗೆ ತಿಳಿಯಲಿಲ್ಲ. ಅವರು ಪಾದವನ್ನು ನೋಡಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತ, ಅಲ್ಲಿಂದ ನೀರಿನ ತಂಪನ್ನು ತಿಳಿದುಕೊಳ್ಳುತ್ತಿದ್ದರು. ಗಿರಿಜಾ ಮತ್ತೊಂದು ಚೊಂಬು ತುಂಬಿಕೊಳ್ಳಲು ಬಗ್ಗಿ, "ಕೈ ತಗೀರಿ, ಅಡ್ಡ ಬರ್ತದ," ಎಂದಳು. ನನ್ನ ಕೈ ಇನ್ನೂ ಬಕೆಟ್ಟಿನಲ್ಲೇ ಇತ್ತು. ಅದನ್ನು ತೆಗೆಯಲು ನನಗೆ ಧೈರ್ಯವಾಗಲಿಲ್ಲ.